ನಂಟಿನ ನ್ಯಾಯ: ನವಾಹೊ ನ್ಯಾಯಾಲಯಗಳಲ್ಲಿ ಪರಂಪರೆಯ ಕಾನೂನು



ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಬೇಸಿಗೆ ರಜೆಯ ಪಟ್ಟಿಯಲ್ಲಿ ಅರಿಜೋನಾ ಒಂದಲ್ಲ ಒಂದು ವರ್ಷ ಇದ್ದೇ ಇರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಿ, ಆಂಟೆಲೋಪ್ ಕ್ಯಾನ್ಯನ್ನಿನ ಕೆಂಗಲ್ಲಿನ ಬಿರುಕಿನೊಳಗೆ ಬೆಳಕು ಇಳಿಯುವುದನ್ನು ಕಂಡು, ಮಾನ್ಯುಮೆಂಟ್ ವ್ಯಾಲಿಯ ಬಂಡೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಫೋನಿನ ಗಡಿಯಾರ ಗೊಂದಲಕ್ಕೆ ಬಿದ್ದು ಒಂದು ಗಂಟೆ ಮುಂದಕ್ಕೆ ಜಿಗಿಯುತ್ತದೆ. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವುದಿಲ್ಲ. ಆದರೆ ಕಾರು ಈಗ ಓಡುತ್ತಿರುವ ನೆಲ ತಿರುಗಿಸುತ್ತದೆ. ಪ್ರವಾಸಿಗರಿಗೆ ಅದು ಹೋಟೆಲಿನ ಹೊತ್ತು ತಪ್ಪಿಸುವ ಕಿರಿಕಿರಿ. ವಾಸ್ತವದಲ್ಲಿ ಅವರು ಒಂದು ಗಡಿಯನ್ನು ದಾಟಿರುತ್ತಾರೆ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾಗಳ ನಡುವೆ ಸುಮಾರು 71,000 ಚದರ ಕಿಲೋಮೀಟರ್ ಹರಡಿರುವ, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕೂ ಮಿಗಿಲಾದ ಆ ನೆಲದ ಹೆಸರು ನವಾಹೊ ನೇಷನ್. ಅಲ್ಲಿನ ಜನ ತಮ್ಮನ್ನು ಡಿನೇ ಎಂದು ಕರೆದುಕೊಳ್ಳುತ್ತಾರೆ. ಅವರಿಗೆ ತಮ್ಮದೇ ಶಾಸನಸಭೆ ಇದೆ, ಅಧ್ಯಕ್ಷರಿದ್ದಾರೆ, ಜಿಲ್ಲಾ ನ್ಯಾಯಾಲಯಗಳಿವೆ, ವಿಂಡೋ ರಾಕ್ ಎಂಬ ರಾಜಧಾನಿಯಲ್ಲಿ ಮೂವರು ನ್ಯಾಯಮೂರ್ತಿಗಳ ಸರ್ವೋಚ್ಚ ನ್ಯಾಯಾಲಯವಿದೆ. ಆ ನ್ಯಾಯಾಲಯ ಇಂಗ್ಲಿಷಿನಲ್ಲಿ ತೀರ್ಪು ಬರೆಯುತ್ತದೆ. ಆದರೆ ತೀರ್ಪಿನ ನಡುವೆ ಇಂಗ್ಲಿಷಿಗೆ ಒಗ್ಗದ ಪದಗಳನ್ನು ಇಟ್ಟು, ಅವುಗಳ ಮೇಲೆಯೇ ತೀರ್ಮಾನವನ್ನು ನಿಲ್ಲಿಸುತ್ತದೆ. ಈ ಉಪನ್ಯಾಸದ ವಿಷಯ ಆ ಪದಗಳು.

ಪರಂಪರೆಯೇ ಕಾನೂನಾಗುತ್ತದೆ ಎಂದೊಡನೆ ಪ್ರಗತಿಪರ ಕನ್ನಡಿಗರ ಕಿವಿ ನಿಮಿರುವುದು ಸಹಜ, ಸರಿ ಕೂಡ. ಕುಲ ಪಂಚಾಯಿತಿ, ಕಟ್ಟೆಮನೆ, ತಪ್ಪುಕಾಣಿಕೆ, ಬಹಿಷ್ಕಾರ ಇವೆಲ್ಲ ಕರ್ನಾಟಕದ ಹಳ್ಳಿಗಳಲ್ಲಿ ಪರಂಪರೆಯ ಹೆಸರಿನಲ್ಲೇ ನಡೆದವು, ಇಂದಿಗೂ ಅಲ್ಲಲ್ಲಿ ನಡೆಯುತ್ತಿವೆ. ಹಿರಿಯರು ಸೇರಿ ಹೇಳಿದ್ದೇ ನ್ಯಾಯ ಎಂಬ ಮಾತಿನ ಬೆಲೆ ಏನೆಂಬುದು ದಲಿತರಿಗೂ ಹೆಣ್ಣುಮಕ್ಕಳಿಗೂ ಗೊತ್ತು. ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ನಿಂತು ಹಳ್ಳಿಯ ಬಗೆಗಿನ ಕನಸುಗಣ್ಣನ್ನು ನಿರ್ದಾಕ್ಷಿಣ್ಯವಾಗಿ ಒಡೆದದ್ದು ಇದೇ ಕಾರಣಕ್ಕೆ. ಆದ್ದರಿಂದ ನವಾಹೊ ನ್ಯಾಯವನ್ನು ಶಾಂತಿಪ್ರಿಯ ಮೂಲನಿವಾಸಿಗಳ ವಿವೇಕವೆಂದು ಕೊಂಡಾಡಿ ಕೈತೊಳೆದುಕೊಳ್ಳುವುದು ಸುಲಭವೂ ಅಲ್ಲ, ಪ್ರಾಮಾಣಿಕವೂ ಅಲ್ಲ. ಪರಂಪರೆ ಯಾರ ಬಾಯಲ್ಲಿ ಮಾತನಾಡುತ್ತದೆ, ಯಾರ ವಿರುದ್ಧ ಮಾತನಾಡುತ್ತದೆ, ಅದನ್ನು ಪ್ರಶ್ನಿಸಲು ಯಾರಿಗೆ ಎಡೆಯಿದೆ ಎಂಬ ಮೂರು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಆ ನೆಲಕ್ಕೆ ಹೋಗಬೇಕು.

ಮೊದಲು ಚರಿತ್ರೆ. 1864ರಲ್ಲಿ ಅಮೆರಿಕದ ಸೇನೆ ಡಿನೇ ಜನರ ಹೊಲಗಳನ್ನು ಸುಟ್ಟು, ಕುರಿಗಳನ್ನು ಕೊಂದು, ಪೀಚ್ ಮರಗಳನ್ನು ಕಡಿದು, 8,000ಕ್ಕೂ ಹೆಚ್ಚು ಮಂದಿಯನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್ ಬಳಿಯ ಬಯಲಿನಲ್ಲಿ ಕೂಡಿಹಾಕಿತು. ಆ ಜಾಗಕ್ಕೆ ಡಿನೇ ಭಾಷೆಯಲ್ಲಿ ಹ್ವೇಲ್ದಿ ಎಂಬ ಹೆಸರು. ಉಪ್ಪುನೀರು, ಹಸಿವು, ರೋಗಗಳಿಂದ 2,000ಕ್ಕೂ ಹೆಚ್ಚು ಜನ ಅಲ್ಲಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. 1868ರ ಜೂನ್ 1ರಂದು ಒಪ್ಪಂದವಾಗಿ ಅವರು ತಮ್ಮ ನಾಡಿಗೆ ಮರಳಿದರು. ಮರಳಿದ ಜನರಿಗೆ ನೆಲ ಸಿಕ್ಕಿತು. ನ್ಯಾಯ ಹೇಳುವ ಅಧಿಕಾರವನ್ನು ಮಾತ್ರ ನಿಧಾನವಾಗಿ ಕಿತ್ತುಕೊಳ್ಳಲಾಯಿತು.

ಹೇಗೆ ಕಿತ್ತುಕೊಂಡರು ಎಂಬುದಕ್ಕೆ ಇನ್ನೊಂದು ಬುಡಕಟ್ಟಿನ ಮೊಕದ್ದಮೆಯನ್ನು ನೆನೆಯಬೇಕು. 1881ರಲ್ಲಿ ಲಕೋಟ ಜನರ ನಡುವೆ ಕ್ರೋ ಡಾಗ್ ಎಂಬಾತ ಸ್ಪಾಟೆಡ್ ಟೇಲ್ ಎಂಬ ನಾಯಕನನ್ನು ಕೊಂದ. ಎರಡೂ ಮನೆತನಗಳು ಕೂತು ಮಾತಾಡಿ, 600 ಡಾಲರ್, 8 ಕುದುರೆ, ಒಂದು ಕಂಬಳಿ ಕೊಟ್ಟು ವೈರವನ್ನು ಮುಗಿಸಿದವು. ಅಮೆರಿಕದ ಅಧಿಕಾರಿಗಳಿಗೆ ಇದು ನ್ಯಾಯವೆನಿಸಲಿಲ್ಲ. ಕ್ರೋ ಡಾಗ್‌ಗೆ ಗಲ್ಲು ವಿಧಿಸಲಾಯಿತು. 1883ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬುಡಕಟ್ಟಿನೊಳಗಿನ ಈ ವಿಷಯ ತನ್ನ ವ್ಯಾಪ್ತಿಯದಲ್ಲ ಎಂದು ಶಿಕ್ಷೆಯನ್ನು ರದ್ದುಮಾಡಿತು. ಇದರಿಂದ ಕೆರಳಿದ ಕಾಂಗ್ರೆಸ್ 1885ರಲ್ಲಿ ಕೊಲೆಯೂ ಸೇರಿದಂತೆ ದೊಡ್ಡ ಅಪರಾಧಗಳನ್ನು ಫೆಡರಲ್ ನ್ಯಾಯಾಲಯಗಳಿಗೆ ಒಪ್ಪಿಸುವ ಶಾಸನ ತಂದಿತು. ಗಲ್ಲಿಗೇರಿಸುವುದು ನಾಗರಿಕತೆ, ಕುದುರೆ ಕೊಟ್ಟು ಎರಡು ಮನೆಗಳನ್ನು ಉಳಿಸುವುದು ಅನಾಗರಿಕತೆ ಎಂಬುದು ಅಂದಿನ ತರ್ಕ.

ಅದೇ ಕಾಲದಲ್ಲಿ ಒಳಾಡಳಿತ ಇಲಾಖೆ ಮೀಸಲು ಪ್ರದೇಶಗಳಲ್ಲಿ ‘ಇಂಡಿಯನ್ ಅಪರಾಧಗಳ ನ್ಯಾಯಾಲಯ’ಗಳನ್ನು ತೆರೆಯಿತು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಸೂರ್ಯನೃತ್ಯ ಅಪರಾಧ, ಬಹುಪತ್ನಿತ್ವ ಅಪರಾಧ, ಮಂತ್ರವೈದ್ಯನ ಚಿಕಿತ್ಸೆ ಅಪರಾಧ. ನವಾಹೊ ನೆಲದಲ್ಲಿ ಇಂಥ ನ್ಯಾಯಾಲಯ 1892ರಲ್ಲಿ ಬಂತು. ನ್ಯಾಯಾಧೀಶರು ನವಾಹೊ ಜನರೇ, ಆದರೆ ನೇಮಿಸುವವನು ಸರ್ಕಾರದ ಏಜೆಂಟ್. ಹಾಗಿದ್ದರೂ ಆ ಮುದುಕರು ಏಜೆಂಟನ ಕಣ್ಣು ತಪ್ಪಿಸಿ, ತಮಗೆ ಗೊತ್ತಿದ್ದ ಬಗೆಯಲ್ಲೇ ಜಗಳಗಳನ್ನು ತೀರಿಸುತ್ತಿದ್ದರೆಂದು ನಂತರದ ನವಾಹೊ ನ್ಯಾಯಮೂರ್ತಿಗಳು ಬರೆದಿದ್ದಾರೆ. ವಸಾಹತುಶಾಹಿ ಕಟ್ಟಿದ ಮನೆಯೊಳಗೆ ಹಳೆಯ ಒಲೆ ಉರಿಯುತ್ತಲೇ ಇತ್ತು ಎನ್ನಬಹುದು.

1953ರಲ್ಲಿ ಅಮೆರಿಕದ ಕಾಂಗ್ರೆಸ್ ಬುಡಕಟ್ಟುಗಳ ಮೇಲೆ ರಾಜ್ಯಗಳು ಅಧಿಕಾರ ಚಲಾಯಿಸಲು ದಾರಿ ತೆರೆಯಿತು. ತಮ್ಮ ನ್ಯಾಯಾಂಗ ಗಟ್ಟಿಯಾಗಿಲ್ಲದಿದ್ದರೆ ಅರಿಜೋನಾ ಒಳನುಗ್ಗುತ್ತದೆಂಬ ಭಯದಿಂದ ನವಾಹೊ ಮಂಡಳಿ ಸ್ವತಂತ್ರ ನ್ಯಾಯಾಂಗವೊಂದನ್ನು ರೂಪಿಸಿತು. ಅದು 1959ರ ಏಪ್ರಿಲ್ 1ರಂದು ಕೆಲಸ ಆರಂಭಿಸಿತು. ಅದೇ ವರ್ಷದ ಜನವರಿಯಲ್ಲಿ ವಿಲಿಯಮ್ಸ್ ವಿರುದ್ಧ ಲೀ ಎಂಬ ತೀರ್ಪು ಬಂದಿತ್ತು. ಗನಾಡೊದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಬಿಳಿಯ ವ್ಯಾಪಾರಿಯೊಬ್ಬ ನವಾಹೊ ದಂಪತಿಯಿಂದ ಸಾಲ ವಸೂಲಿಗೆ ಅರಿಜೋನಾ ರಾಜ್ಯದ ಕೋರ್ಟಿಗೆ ಹೋಗಿದ್ದ. ಹಾಗೆ ಬಿಟ್ಟರೆ ಬುಡಕಟ್ಟಿನ ಜನ ತಮ್ಮ ಕಾನೂನನ್ನು ತಾವೇ ಮಾಡಿಕೊಂಡು ಅದರಂತೆ ಬಾಳುವ ಹಕ್ಕಿಗೇ ಧಕ್ಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಅಂಗಡಿಯ ಬಾಕಿ ಲೆಕ್ಕದಿಂದ ಒಂದು ಜನಾಂಗದ ಸಾರ್ವಭೌಮತೆಯ ತೀರ್ಪು ಹುಟ್ಟಿತು.

ಆದರೆ ಆ ‘ತಮ್ಮ ಕಾನೂನು’ ಯಾವುದು? ಆರಂಭದ ವರ್ಷಗಳಲ್ಲಿ ನವಾಹೊ ನ್ಯಾಯಾಲಯಗಳು ಬಹುಮಟ್ಟಿಗೆ ರಾಜ್ಯದ ಕೋರ್ಟುಗಳ ನಕಲಾಗಿದ್ದವು. ಅದೇ ಪೀಠ, ಅದೇ ನಿಲುವಂಗಿ, ಅದೇ ವಕೀಲರ ವಾದ. ನಿಯಮದ ಪುಸ್ತಕದಲ್ಲಿ ನವಾಹೊ ಪದ್ಧತಿಗಳನ್ನೂ ಅನ್ವಯಿಸಬಹುದೆಂಬ ಮಾತೇನೋ ಇತ್ತು. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡದ್ದು 1980ರ ದಶಕದಲ್ಲಿ. 1982ರಲ್ಲಿ ನ್ಯಾಯಾಧೀಶರೇ ಸೇರಿ ಪೀಸ್‌ಮೇಕರ್ ಕೋರ್ಟ್ ಎಂಬ ಸಂಧಾನ ವ್ಯವಸ್ಥೆಯನ್ನು ಹುಟ್ಟುಹಾಕಿದರು. 1985ರ ಸುಧಾರಣಾ ಶಾಸನ ಈಗಿನ ಸರ್ವೋಚ್ಚ ನ್ಯಾಯಾಲಯವನ್ನು ರಚಿಸಿತು. ರಾಜಕಾರಣಿಗಳು ತೀರ್ಪುಗಳನ್ನು ಮರುಪರಿಶೀಲಿಸಲೆಂದು 1978ರಲ್ಲಿ ಮಾಡಿಕೊಂಡಿದ್ದ ಮಂಡಳಿಯನ್ನು ಕಿತ್ತೊಗೆಯಿತು. ಟಾಮ್ ಸೊ, ಅವರ ನಂತರ ರಾಬರ್ಟ್ ಯಾಝಿ ಮುಖ್ಯ ನ್ಯಾಯಮೂರ್ತಿಗಳಾಗಿ ಈ ತಿರುವಿಗೆ ನೇತೃತ್ವ ಕೊಟ್ಟರು.

ರಾಬರ್ಟ್ ಯಾಝಿ ತಮ್ಮ ಬರಹಗಳಲ್ಲಿ ಎರಡು ಬಗೆಯ ನ್ಯಾಯವನ್ನು ಬೇರ್ಪಡಿಸುತ್ತಾರೆ. ಒಂದು ಲಂಬವಾದದ್ದು: ಮೇಲೆ ನ್ಯಾಯಾಧೀಶ, ಕೆಳಗೆ ಕಕ್ಷಿದಾರರು, ಮೇಲಿನಿಂದ ಇಳಿದುಬರುವ ಆಜ್ಞೆ, ಗೆದ್ದವನೊಬ್ಬ ಸೋತವನೊಬ್ಬ. ಇನ್ನೊಂದು ಅಡ್ಡವಾದದ್ದು, ವೃತ್ತದಂಥದ್ದು. ಅಲ್ಲಿ ಯಾರೂ ಮೇಲಿಲ್ಲ. ಕಾನೂನು ಎಂಬುದಕ್ಕೆ ನವಾಹೊ ಭಾಷೆಯ ಪದ ಬೀಹಜಾನಿ. ಅದು ಯಾರೋ ಮಾಡಿದ ನಿಯಮವಲ್ಲ, ಬದುಕು ಹೊಮ್ಮುವ ಮೂಲ ಎಂಬುದು ಹಿರಿಯರ ವಿವರಣೆ. ಆ ಕಾನೂನಿನ ಒಡಲಲ್ಲಿ ಇರುವ ಪದ ‘ಕೆ’. ಬಂಧುತ್ವ, ಮರ್ಯಾದೆ, ಪರಸ್ಪರ ಹೊಣೆ, ಒಗ್ಗಟ್ಟು ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಾಲಾಗಿ ಬರೆದು ಸುಸ್ತಾದ ಅನುವಾದಕರಿಗೆ ಕನ್ನಡದ ‘ನಂಟು’ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ‘ಹೋಝೋ’ ಎಂಬ ಇನ್ನೊಂದು ಪದವನ್ನು ಸಾಮರಸ್ಯ, ಸೌಂದರ್ಯ, ಸಮತೋಲ ಎಂದೆಲ್ಲ ಅರ್ಥೈಸುತ್ತಾರೆ. ಒಂದೇ ಪದದಲ್ಲಿ ಹೇಳಲೇಬೇಕೆಂದರೆ ‘ಹದ’ ಹತ್ತಿರ ಬರುತ್ತದೆ. ತಪ್ಪು ಮಾಡಿದವನ ಬಗ್ಗೆ ನವಾಹೊ ಜನ ಹೇಳುವ ಮಾತು ಪ್ರಸಿದ್ಧವಾದದ್ದು: ನಂಟರೇ ಇಲ್ಲದವನಂತೆ ನಡೆದುಕೊಳ್ಳುತ್ತಾನೆ. ಹೇಳುವವರು ಕೇಳುವವರು ಇಲ್ಲದವನು ಎಂದು ಕನ್ನಡದಲ್ಲಿ ಬೈಯುವುದು ಇದನ್ನೇ. ವ್ಯತ್ಯಾಸವಿಷ್ಟೆ, ಅಲ್ಲಿ ಆ ಬೈಗುಳ ನ್ಯಾಯಶಾಸ್ತ್ರವಾಗಿ ಬೆಳೆದಿದೆ.

ಸಂಧಾನ ಕೂಟ ನಡೆಯುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಮುದಾಯ ನಂಬಿದ, ಮಾತು ಬಲ್ಲ, ಕಥೆ ಬಲ್ಲ ಹಿರಿಯರೊಬ್ಬರು ಸಂಧಾನಕಾರರಾಗಿ ಬರುತ್ತಾರೆ. ಅವರನ್ನು ನಾತಾನಿ ಎಂದು ಕರೆಯುತ್ತಾರೆ, ಅಂದರೆ ಮುಂದಾಳು. ಅವರು ಯಾರಿಗೂ ಸಂಬಂಧಿಸದ ತಟಸ್ಥ ವ್ಯಕ್ತಿಯಾಗಬೇಕಿಲ್ಲ. ಎರಡೂ ಕಡೆಯವರಿಗೆ ಬೇಕಾದವರಾಗಿರಬಹುದು. ವಕೀಲರಿಗೆ ಅಲ್ಲಿ ಬಾಯಿಲ್ಲ. ಪ್ರಾರ್ಥನೆಯಿಂದ ಆರಂಭ. ಎಲ್ಲರೂ ತಮ್ಮ ಕುಲಗಳನ್ನು ಹೇಳಿಕೊಳ್ಳುತ್ತಾರೆ: ಹುಟ್ಟಿದ್ದು ತಾಯಿಯ ಕುಲದಲ್ಲಿ, ತಂದೆಯ ಕುಲಕ್ಕಾಗಿ. ಹಾಗೆ ಹೇಳಿಕೊಂಡಾಗ ಎದುರಾಳಿಗಳೆಂದು ಬಂದವರು ದೂರದ ಅಣ್ಣತಂಗಿಯರೋ ಅಜ್ಜಿಮೊಮ್ಮಕ್ಕಳೋ ಆಗಿಬಿಡುವುದುಂಟು. ಆಮೇಲೆ ಒಬ್ಬೊಬ್ಬರ ಮಾತು. ನೋವು ತಿಂದವರು ನಡೆದದ್ದನ್ನು ಹೇಳುವುದಷ್ಟೇ ಅಲ್ಲ, ಅದು ತಮಗೆ ಹೇಗಾಯಿತೆಂದೂ ಹೇಳುತ್ತಾರೆ. ತಪ್ಪು ಮಾಡಿದವನು ಕುಡಿದಿದ್ದೆ, ಅವಳೇ ಕೆಣಕಿದಳು, ಅಷ್ಟೇನೂ ಹೊಡೆಯಲಿಲ್ಲ ಎಂದರೆ ನ್ಯಾಯಾಲಯದಲ್ಲಿ ಅದನ್ನು ಅಲ್ಲಗಳೆಯಲು ಸಾಕ್ಷ್ಯ ಬೇಕು. ಇಲ್ಲಿ ಅವನ ಸ್ವಂತ ಅಕ್ಕ, ಸೋದರಮಾವ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಮುಂದೆ ಆ ನೆಪ ನಿಲ್ಲುವುದು ಕಷ್ಟ. ಸಂಧಾನಕಾರ ಹಳೆಯ ಕಥೆಗಳನ್ನು ಹೇಳುತ್ತಾ ದಾರಿ ತೋರುತ್ತಾರೆ. ಕೊನೆಗೆ ‘ನಾಲ್ಯೇಹ್’ ಎಷ್ಟು, ಏನು ಎಂಬ ಮಾತುಕತೆ. ನಾಲ್ಯೇಹ್ ಎಂದರೆ ಪರಿಹಾರ. ಆದರೆ ಗಾಯಕ್ಕೆ ಇಷ್ಟು, ಹಲ್ಲಿಗೆ ಇಷ್ಟು ಎಂಬ ದರಪಟ್ಟಿಯಲ್ಲ. ಮನಸ್ಸಿನಲ್ಲಿ ಕಹಿ ಉಳಿಯದಷ್ಟು ಎಂಬುದು ಅದರ ಅಳತೆ. ಹಣವಾಗಬಹುದು, ಕುರಿ, ಕುದುರೆ, ಆಭರಣವಾಗಬಹುದು. ತೆರುವವನು ಒಬ್ಬನೇ ಆಗಬೇಕಿಲ್ಲ, ಅವನ ಮನೆತನವೆಲ್ಲ ಸೇರಿ ತೆರಬಹುದು. ಒಪ್ಪಂದವನ್ನು ನ್ಯಾಯಾಲಯದ ಆದೇಶವಾಗಿ ದಾಖಲಿಸಲೂ ಸಾಧ್ಯ. 2000ದಲ್ಲಿ ನವಾಹೊ ಮಂಡಳಿ ಹಲವು ಅಪರಾಧಗಳಿಗೆ ಇದ್ದ ಜೈಲು ಶಿಕ್ಷೆಯನ್ನೇ ತೆಗೆದುಹಾಕಿ, ನಾಲ್ಯೇಹ್‌ಗೆ ದಂಡಸಂಹಿತೆಯೊಳಗೆ ಜಾಗ ಮಾಡಿಕೊಟ್ಟಿತು.

ಹೊರಗಿನ ಜಗತ್ತಿಗೆ ಪ್ರಿಯವಾದ ನವಾಹೊ ನ್ಯಾಯ ಈ ಸಂಧಾನ ಕೂಟ. ಆದರೆ ಪರಂಪರೆಯ ಕಾನೂನು ನಿಜವಾಗಿ ಹರಿತಗೊಂಡದ್ದು ಸರ್ವೋಚ್ಚ ನ್ಯಾಯಾಲಯದ ಲಿಖಿತ ತೀರ್ಪುಗಳಲ್ಲಿ, ಅದೂ ಅಧಿಕಾರಸ್ಥರಿಗೆ ಎದುರಾದಾಗ.

ಪೀಟರ್ ಮ್ಯಾಕ್‌ಡೊನಾಲ್ಡ್ ನವಾಹೊ ರಾಜಕಾರಣದ ದೈತ್ಯ. ಎರಡನೇ ಮಹಾಯುದ್ಧದಲ್ಲಿ ನವಾಹೊ ಭಾಷೆಯಲ್ಲೇ ಸಂಕೇತ ಸಂದೇಶ ಕಳಿಸಿದ ಸೈನಿಕರ ಪಡೆಯಲ್ಲಿದ್ದವರು, ನಾಲ್ಕು ಬಾರಿ ಅಧ್ಯಕ್ಷರಾದವರು. ಬಿಗ್ ಬೊಕಿಯಾಸ್ ಎಂಬ ವಿಶಾಲ ಜಾನುವಾರು ಕ್ಷೇತ್ರದ 1987ರ ಖರೀದಿಯ ಹಗರಣ ಬಯಲಾದ ಮೇಲೆ, 1989ರ ಫೆಬ್ರವರಿಯಲ್ಲಿ ಮಂಡಳಿ ಅವರನ್ನು ಸಂಬಳಸಹಿತ ರಜೆಯ ಮೇಲೆ ಕಳಿಸಿತು. ಹೀಗೆ ಕಳಿಸುವ ಅಧಿಕಾರ ಮಂಡಳಿಗಿದೆಯೇ? ಪುಸ್ತಕದ ಕಾನೂನು ಇದಕ್ಕೆ ನೇರ ಉತ್ತರ ಕೊಡುವಂತಿರಲಿಲ್ಲ. ನ್ಯಾಯಾಲಯ ಸೃಷ್ಟಿಕಥೆಯ ವೀರ ಅವಳಿಗಳ ಕಾಲಕ್ಕೆ ಹೋಯಿತು. ರಾಕ್ಷಸರೊಡನೆ ಯುದ್ಧ ಮುಗಿದ ಮೇಲೆ ಜನ ನಾತಾನಿಗಳನ್ನು ಆರಿಸಿಕೊಂಡರು. ನಾತಾನಿ ಬಲಿಷ್ಠ ದೊರೆಯಲ್ಲ. ಜನ ಬದುಕುಳಿಯಲು ನೆರವಾಗುವ ಶಕ್ತಿ, ಜನರಿಟ್ಟ ನಂಬಿಕೆ ಇಷ್ಟೇ ಅವನ ಅಧಿಕಾರ. ನಂಬಿಕೆ ಹೋದ ದಿನ ಜನ ಅವನ ಹಿಂದೆ ನಡೆಯುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಮಂಡಳಿಯ ಕ್ರಮವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆ ಜುಲೈನಲ್ಲಿ ವಿಂಡೋ ರಾಕ್‌ನಲ್ಲಿ ಗಲಭೆಯಾಗಿ ಮ್ಯಾಕ್‌ಡೊನಾಲ್ಡ್ ಬೆಂಬಲಿಗರಿಬ್ಬರು ಸತ್ತರು. ಪುರಾಣದ ಆಧಾರ ಕೊಟ್ಟ ತೀರ್ಪು ರಕ್ತವನ್ನು ತಡೆಯಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಅಧಿಕಾರ ಹಂಚಿಕೆಯ ಹೊಸ ರಚನೆ ಆ ವರ್ಷದ ಕೊನೆಯಲ್ಲೇ ಬಂತು.

2004ರ ನವಾಹೊ ನೇಷನ್ ವಿರುದ್ಧ ರೋಡ್ರಿಗಸ್ ತೀರ್ಪು ಇನ್ನೂ ಸಣ್ಣ ಸಂಗತಿಯದು, ಇನ್ನೂ ದೊಡ್ಡ ಮಾತಿನದು. ಠಾಣೆಯಲ್ಲಿ ಆರೋಪಿಯ ಮುಂದೆ ಇಂಗ್ಲಿಷಿನ ಮುದ್ರಿತ ಕಾಗದವೊಂದನ್ನು ಇಟ್ಟು, ಸುಮ್ಮನಿರುವ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಸಹಿ ಪಡೆಯಲಾಗಿತ್ತು. ಅಮೆರಿಕದ ಎಲ್ಲ ಠಾಣೆಗಳಲ್ಲಿ ದಿನವೂ ನಡೆಯುವುದು ಇದೇ. ನವಾಹೊ ನ್ಯಾಯಾಲಯ ‘ಹಜೋಓಗೊ’ ಎಂಬ ಪದವನ್ನು ಮುಂದಿಟ್ಟಿತು. ಅವಸರವಿಲ್ಲದೆ, ತಾಳ್ಮೆಯಿಂದ, ಎದುರಿನವನು ಮನುಷ್ಯನೆಂಬ ಗೌರವದಿಂದ ಎಂದು ಅದರ ಅರ್ಥ. ಮನುಷ್ಯರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಮೂಲತತ್ವ ಅದು. ಪೊಲೀಸನ ಸಮವಸ್ತ್ರಕ್ಕೆ ಅದರಿಂದ ವಿನಾಯಿತಿ ಇಲ್ಲ. ಹಕ್ಕೆಂದರೇನು, ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದನ್ನು ಅರ್ಥವಾಗುವವರೆಗೆ ವಿವರಿಸದೆ ಪಡೆದ ತಪ್ಪೊಪ್ಪಿಗೆ ನಿಲ್ಲದು. ಗಮನಿಸಬೇಕಾದ್ದು ಇದು: ಪರಂಪರೆ ಇಲ್ಲಿ ಮಿರಾಂಡ ತೀರ್ಪಿನ ಹಕ್ಕನ್ನು ಕುಗ್ಗಿಸಲಿಲ್ಲ, ಹಿಗ್ಗಿಸಿತು. ಸಂಪ್ರದಾಯವೆಂದರೆ ವ್ಯಕ್ತಿಯ ಹಕ್ಕಿಗೆ ಮುಳುವೆಂಬ ನಂಬಿಕೆಯನ್ನು ಇದರ ಮುಂದೆ ಇಟ್ಟು ನೋಡಬೇಕು.

ಮೂರನೆಯದರಲ್ಲಿ ವ್ಯಂಗ್ಯವೂ ಇದೆ. ರಸೆಲ್ ಮೀನ್ಸ್ 1973ರ ವುಂಡೆಡ್ ನೀ ಪ್ರತಿರೋಧದ ಮುಂದಾಳು, ಬುಡಕಟ್ಟು ಸಾರ್ವಭೌಮತೆಗಾಗಿ ಜೀವನವಿಡೀ ಹೋರಾಡಿದ ಲಕೋಟ. ನವಾಹೊ ಹೆಣ್ಣನ್ನು ಮದುವೆಯಾಗಿ ಚಿನ್ಲಿಯಲ್ಲಿ ನೆಲೆಸಿದ್ದ ಅವರ ಮೇಲೆ 1997ರಲ್ಲಿ ಮಾವನನ್ನು ಹೊಡೆದ ಆರೋಪ ಬಂತು. ತಾನು ಬೇರೆ ಬುಡಕಟ್ಟಿನವನು, ನವಾಹೊ ನ್ಯಾಯಾಲಯಕ್ಕೆ ತನ್ನ ಮೇಲೆ ಅಧಿಕಾರವಿಲ್ಲ ಎಂದು ಅವರು ವಾದಿಸಿದರು. 1999ರಲ್ಲಿ ನ್ಯಾಯಾಲಯ, 1868ರ ಒಪ್ಪಂದದ ಜೊತೆಗೆ, ‘ಹಾದಾನೆ’ ಎಂಬ ಪದವನ್ನು ಆಧಾರ ಮಾಡಿಕೊಂಡಿತು. ಹಾದಾನೆ ಎಂದರೆ ಮದುವೆಯಿಂದ ಬಂದ ನಂಟ, ಅಳಿಯ. ಅಳಿಯನಾಗಿ ಬಂದವನು ಆ ಮನೆತನದ ಹೊಣೆಗಳನ್ನೂ ಹೊತ್ತು ಬಂದಿರುತ್ತಾನೆ. ಉಣ್ಣುವಾಗ ನೆಂಟ, ತಪ್ಪಿಗೆ ಉತ್ತರಿಸುವಾಗ ಪರಕೀಯ ಎನ್ನಲಾಗದು. ರಕ್ತದ ಅಳತೆಯಿಂದ, ಸದಸ್ಯತ್ವದ ಚೀಟಿಯಿಂದ ಜನರನ್ನು ವಿಂಗಡಿಸಿದ್ದು ವಾಷಿಂಗ್ಟನ್. ಬಾಳಿದ ಬಗೆಯಿಂದ ವಿಂಗಡಿಸಿದ್ದು ಚಿನ್ಲಿಯ ಕಾನೂನು. 2005ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ನವಾಹೊ ಅಧಿಕಾರವನ್ನು ಒಪ್ಪಿತು, ಆದರೆ ಕಾಂಗ್ರೆಸ್ಸಿನ ಶಾಸನದ ಬಲದ ಮೇಲೆ. ಅಳಿಯತನದ ತರ್ಕ ಗಡಿ ದಾಟಲಿಲ್ಲ.

ಗಡಿಯ ಮಾತು ಬಂದಾಗ ಕಟುಸತ್ಯವೊಂದನ್ನು ಹೇಳಿಯೇ ಮುಂದೆ ಹೋಗಬೇಕು. 1978ರ ಆಲಿಫೆಂಟ್ ತೀರ್ಪಿನ ಪ್ರಕಾರ ಬುಡಕಟ್ಟು ನ್ಯಾಯಾಲಯಗಳು ಇಂಡಿಯನ್ ಅಲ್ಲದವರನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಚಾರಿಸುವಂತಿಲ್ಲ. ಹೆಣ್ಣುಮಕ್ಕಳ ಮೇಲಿನ ಹಿಂಸೆಯ ಕೆಲವು ಪ್ರಕರಣಗಳಿಗೆ ಮಾತ್ರ 2013ರಲ್ಲಿ ಕಿಂಡಿಯೊಂದು ತೆರೆಯಿತು, 2022ರಲ್ಲಿ ಅದು ಇನ್ನಷ್ಟು ಅಗಲವಾಯಿತು. ಅವು ವಿಧಿಸಬಹುದಾದ ಶಿಕ್ಷೆಗೂ ಮಿತಿಯಿದೆ: 1968ರಲ್ಲಿ 6 ತಿಂಗಳು, 1986ರಿಂದ 1 ವರ್ಷ, 2010ರಿಂದ ಷರತ್ತುಗಳೊಡನೆ 3 ವರ್ಷ. ನವಾಹೊ ಮನೆಗೆ ನುಗ್ಗಿ ಕದ್ದ ಬಿಳಿಯನು ವಿಂಡೋ ರಾಕ್‌ನ ನ್ಯಾಯಪೀಠಕ್ಕೆ ಉತ್ತರಿಸಬೇಕಿಲ್ಲ. ಇದನ್ನು ಸಾರ್ವಭೌಮತೆ ಎಂದು ಕರೆಯುವುದಾದರೆ ಪದಕ್ಕೆ ಬಹಳ ತ್ರಾಸವಾಗುತ್ತದೆ.

ಇನ್ನು ಜೇಬಿನಲ್ಲಿಟ್ಟುಕೊಂಡ ಪ್ರಶ್ನೆಗಳಿಗೆ ಬರಬೇಕು. ಪದ್ಧತಿಯನ್ನು ಬರೆದಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನ ಕರಾವಳಿಯಲ್ಲೇ ಒಂದು ಪಾಠವಿದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯೂ ಡಿನೇ ಜನರದ್ದರಂತೆ ತಾಯಿಯ ಕಡೆಯಿಂದ ಹರಿಯುವಂಥದು. ಬ್ರಿಟಿಷ್ ಕಾಲದ ಮದರಾಸಿನ ನ್ಯಾಯಾಲಯಗಳು ಆ ಪದ್ಧತಿಯ ಬಗ್ಗೆ ತೀರ್ಪು ಕೊಡಬೇಕಾದಾಗ, ಭೂತಾಳ ಪಾಂಡ್ಯನ ಹೆಸರಿನಲ್ಲಿ ಅಚ್ಚಾದ ಕಟ್ಟುಕಟ್ಟಳೆಯೊಂದು ಪ್ರಮಾಣವಾಗಿ ಎದುರಾಯಿತು. ಅದರ ಪ್ರಾಚೀನತೆಯ ಬಗ್ಗೆ ವಿದ್ವಾಂಸರಿಗೆ ಗಟ್ಟಿ ಅನುಮಾನವಿತ್ತು. ಆದರೂ ಮನೆಮನೆಯಲ್ಲಿ ಬಾಗುತ್ತ ಬಳುಕುತ್ತ ಇದ್ದ ರೂಢಿ ನಜೀರುಗಳಲ್ಲಿ ಸಿಕ್ಕಿ ಗಟ್ಟಿಯಾಯಿತು. ಮುಂದೆ ಅದನ್ನು ಸಡಿಲಿಸಲು 1949ರ ಮದರಾಸ್ ಅಳಿಯಸಂತಾನ ಶಾಸನವೇ ಬೇಕಾಯಿತು. ಅಲ್ಲಿ ತೀರ್ಪು ಕೊಟ್ಟವರು ಆ ಪದ್ಧತಿಯಲ್ಲಿ ಹುಟ್ಟಿ ಬೆಳೆದವರಲ್ಲ. ನವಾಹೊ ನೆಲದಲ್ಲಿ ತೀರ್ಪು ಕೊಡುವವರು ತಮ್ಮ ಅಜ್ಜಿಯ ಬಾಯಿಂದ ಆ ಕಥೆಗಳನ್ನು ಕೇಳಿದವರು. ಆದರೆ ಬರವಣಿಗೆಗೆ ಇಳಿಸುವ ಆಸೆ ಅವರ ಶಾಸನಸಭೆಯನ್ನೂ ಬಿಡಲಿಲ್ಲ. 2002ರ ನವೆಂಬರಿನಲ್ಲಿ ಮಂಡಳಿ ಡಿನೇ ಮೂಲಭೂತ ಕಾನೂನುಗಳನ್ನು ಸಂಹಿತೆಯಾಗಿ ಅಂಗೀಕರಿಸಿತು.

ಇದರ ಎರಡು ಮುಖಗಳೂ ಒಂದೇ ತಿಂಗಳಲ್ಲಿ ಕಂಡವು. 2005ರ ಏಪ್ರಿಲ್‌ನಲ್ಲಿ ಮಂಡಳಿ ಡಿನೇ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನು ನಿಷೇಧಿಸಿತು. 1944ರಿಂದ ನಾಲ್ಕು ದಶಕ ಆ ನೆಲದಿಂದ ಸುಮಾರು 3 ಕೋಟಿ ಟನ್ ಅದಿರನ್ನು ಅಗೆದು ಅಣುಬಾಂಬುಗಳ ಯುಗವನ್ನು ಪೋಷಿಸಲಾಗಿತ್ತು. 500ಕ್ಕೂ ಹೆಚ್ಚು ಗಣಿಗಳನ್ನು ಹಾಗೆಯೇ ಬಿಟ್ಟು ಹೋಗಿದ್ದರು. 1979ರಲ್ಲಿ ಚರ್ಚ್ ರಾಕ್ ಬಳಿ ಅಣೆಕಟ್ಟು ಒಡೆದು ವಿಕಿರಣಯುಕ್ತ ನೀರು ಪುಯೆರ್ಕೊ ನದಿಗೆ ಹರಿದಿತ್ತು. ಭೂಮಿಯನ್ನು ಕಾಯಬೇಕೆಂಬ ಮೂಲಭೂತ ಕಾನೂನನ್ನು ಹೆಸರಿಸಿ ಹೊರಟ ಆ ನಿಷೇಧವನ್ನು ಜಗತ್ತಿನ ಪರಿಸರವಾದಿಗಳು ಮೆಚ್ಚಿದರು. ಅದೇ ಏಪ್ರಿಲ್‌ನಲ್ಲಿ ಅದೇ ಮಂಡಳಿ ಡಿನೇ ವಿವಾಹ ಶಾಸನವನ್ನೂ ಅಂಗೀಕರಿಸಿ ಸಲಿಂಗ ವಿವಾಹವನ್ನು ನಿಷೇಧಿಸಿತು. ಅಲ್ಲಿಯೂ ಪರಂಪರೆಯೇ ಸಮರ್ಥನೆ. ಅಧ್ಯಕ್ಷ ಜೋ ಶರ್ಲಿ ವೀಟೊ ಮಾಡಿದರು. ಜೂನ್‌ನಲ್ಲಿ ಮಂಡಳಿ ಅದನ್ನು ತಳ್ಳಿಹಾಕಿತು. ಹೆಣ್ಣೂ ಅಲ್ಲದ ಗಂಡೂ ಅಲ್ಲದ ನಾದ್ಲೀಹಿಗಳಿಗೆ ಡಿನೇ ಸೃಷ್ಟಿಕಥೆಯಲ್ಲೇ ಗೌರವದ ಸ್ಥಾನವಿದೆ. 1937ರಲ್ಲಿ ತೀರಿಕೊಂಡ ಹೆಸರಾಂತ ನೇಯ್ಗೆಗಾರ, ಮಂತ್ರವೈದ್ಯ ಹೋಸ್ಟೀನ್ ಕ್ಲಾ ನಾದ್ಲೀಹಿ. ಇತಿಹಾಸಕಾರ್ತಿ ಜೆನ್ನಿಫರ್ ನೆಜ್ ಡೆನೆಟ್‌ಡೇಲ್ ಅವರಂಥ ಡಿನೇ ವಿದ್ವಾಂಸರು, ಪರಂಪರೆಯೆಂದು ಈಗ ತೋರಿಸುತ್ತಿರುವುದರಲ್ಲಿ ಮಿಷನರಿಗಳೂ ವಸಾಹತುಶಾಹಿಯೂ ಕಲಿಸಿದ್ದು ಎಷ್ಟೆಂದು ಕೇಳಿದರು. ಅಮೆರಿಕದ ಸುಪ್ರೀಂ ಕೋರ್ಟಿನ 2015ರ ತೀರ್ಪು ಬುಡಕಟ್ಟು ರಾಷ್ಟ್ರಗಳನ್ನು ಕಟ್ಟಿಹಾಕುವುದಿಲ್ಲ. ಸಾರ್ವಭೌಮತೆಯನ್ನು ಬೆಂಬಲಿಸುವ ಪ್ರಗತಿಪರರು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಹೊರಗಿನಿಂದ ಆಜ್ಞೆ ಬರಲಿ ಎನ್ನುವುದು 1892ರ ಏಜೆಂಟನ ಮಾತಾಗುತ್ತದೆ. ಸುಮ್ಮನಿರುವುದು ನಾದ್ಲೀಹಿಗಳನ್ನು ಕೈಬಿಟ್ಟಂತಾಗುತ್ತದೆ. ಹೋರಾಡುತ್ತಿರುವ ಡಿನೇ ತರುಣರು ಆಯ್ದುಕೊಂಡ ದಾರಿ ಎರಡೂ ಅಲ್ಲ. ಅವರು ಪರಂಪರೆಯ ಮೇಲೆ ತಮ್ಮ ಹಕ್ಕನ್ನು ಹೇಳುತ್ತಿದ್ದಾರೆ.

ಹೆಣ್ಣುಮಕ್ಕಳ ಪ್ರಶ್ನೆಯೂ ಹೀಗೆಯೇ ಎರಡು ದಿಕ್ಕಿಗೆ ಎಳೆಯುತ್ತದೆ. ಹೊಡೆಯುವ ಗಂಡನೊಡನೆ ಒಂದೇ ವೃತ್ತದಲ್ಲಿ ಕೂತು ರಾಜಿ ಮಾಡಿಕೊ ಎನ್ನುವುದು ಎಷ್ಟು ಸುರಕ್ಷಿತ? 1999ರಲ್ಲಿ ಪ್ರಕಟವಾದ ಕಾನೂನು ವಿದ್ವಾಂಸೆ ಡೊನಾ ಕೋಕರ್ ಅವರ ಅಧ್ಯಯನ ಒತ್ತಾಯದ ಅಪಾಯವನ್ನು ಸ್ಪಷ್ಟವಾಗಿ ಗುರುತಿಸಿತು. ಗಂಡನ ಮನೆಯವರನ್ನೂ ಹೊಣೆಗಾರರನ್ನಾಗಿಸಿ ಹೆಂಡತಿಗೆ ಆಸರೆ ಒದಗಿಸುವ ಶಕ್ತಿ ಆ ಕೂಟಕ್ಕೆ ಇರುವುದನ್ನೂ ಕಂಡಿತು. ಇನ್ನೊಂದೆಡೆ ಕುರಿಗಳ ಕಥೆ. ಡಿನೇ ಬದುಕಿನಲ್ಲಿ ಕುರಿಮಂದೆಯ ಒಡತಿ ಹೆಣ್ಣು. 1930ರ ದಶಕದಲ್ಲಿ ಮಣ್ಣು ಸವೆಯುತ್ತದೆಂದು ಫೆಡರಲ್ ಸರ್ಕಾರ ಲಕ್ಷಾಂತರ ಜಾನುವಾರುಗಳನ್ನು ಕಡಿತಗೊಳಿಸಿ, ಉಳಿದವಕ್ಕೆ ಮೇಯಿಸುವ ಪರವಾನಗಿ ಕೊಟ್ಟಿತು. ಅವು ಬಹುಪಾಲು ಮನೆಯ ಯಜಮಾನನೆಂದು ಗಂಡಸಿನ ಹೆಸರಿಗೆ ಹೋದವು. 2007ರಲ್ಲಿ ಅಂಥ ಪರವಾನಗಿಯೊಂದರ ವ್ಯಾಜ್ಯದಲ್ಲಿ ನವಾಹೊ ಸರ್ವೋಚ್ಚ ನ್ಯಾಯಾಲಯ, ಮನೆ, ನೆಲ, ಜಾನುವಾರುಗಳ ನಡುಗಂಬ ಹೆಣ್ಣೆಂಬ ಪರಂಪರೆಯನ್ನು ಕಾನೂನಾಗಿ ಎತ್ತಿಹಿಡಿಯಿತು. ಅಲ್ಲಿ ಹೆಣ್ಣಿನ ಹಕ್ಕನ್ನು ಕಸಿದದ್ದು ಆಧುನಿಕ ಇಲಾಖೆ, ಹಿಂದಿರುಗಿಸಿದ್ದು ಹಳೆಯ ಮಾತು.

ಕೊನೆಯದಾಗಿ, ಭಾಷೆಗಾಗಿ ಬೀದಿಗಿಳಿದ ಚರಿತ್ರೆಯುಳ್ಳ ಕನ್ನಡಿಗರಿಗೆ ಹತ್ತಿರವಾದ ಪ್ರಕರಣ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ನವಾಹೊ ಭಾಷೆಯನ್ನು ನಿರರ್ಗಳವಾಗಿ ಮಾತನಾಡಬೇಕು, ಅರ್ಥಮಾಡಿಕೊಳ್ಳಬೇಕು ಎಂಬ ನಿಯಮವಿತ್ತು. 2014ರ ಪ್ರಾಥಮಿಕ ಚುನಾವಣೆಯಲ್ಲಿ ಎರಡನೆಯವರಾಗಿ ಗೆದ್ದು ಬಂದ ಕ್ರಿಸ್ ಡೆಶೀನ್ ಅವರಿಗೆ ಭಾಷೆ ಅಷ್ಟಾಗಿ ಬಾರದೆಂದು ಸೋತ ಇಬ್ಬರು ಅಭ್ಯರ್ಥಿಗಳು ದೂರಿತ್ತರು. ವಿಚಾರಣೆಯಲ್ಲಿ ನವಾಹೊ ಭಾಷೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲು ಅವರು ಒಪ್ಪಲಿಲ್ಲ. ಭಾಷೆಯೇ ಜನಾಂಗದ ಪವಿತ್ರ ಮೂಲ, ಕಾನೂನು ಇರುವುದೇ ಅದರೊಳಗೆ ಎಂಬ ನಿಲುವಿನ ಸರ್ವೋಚ್ಚ ನ್ಯಾಯಾಲಯ ಅವರ ಅನರ್ಹತೆಯನ್ನು ಉಳಿಸಿ, ಮತಪತ್ರಗಳನ್ನು ಮತ್ತೆ ಅಚ್ಚುಹಾಕಿಸಲು ಆದೇಶಿಸಿತು. ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ವಸತಿಶಾಲೆಗಳಲ್ಲಿ ನವಾಹೊ ಮಾತನಾಡಿದ್ದಕ್ಕೆ ಪೆಟ್ಟು ತಿಂದ ಪೀಳಿಗೆ ತನ್ನ ಮಕ್ಕಳಿಗೆ ಆ ಭಾಷೆ ಕಲಿಸದೆ ಹೋಗಿತ್ತು. ಆ ಮಕ್ಕಳು ಈಗ ತಮ್ಮದೇ ನಾಡಿನಲ್ಲಿ ಅನರ್ಹರೇ ಎಂದು ತರುಣರು ಕೇಳಿದರು. ಭಾಷೆ ಬಾರದವನು ಹಜೋಓಗೊ ಎಂಬ ಪದದ ಮೇಲೆ ನಿಂತ ಕಾನೂನನ್ನು ಹೇಗೆ ಕಾಯುತ್ತಾನೆಂದು ಹಿರಿಯರು ಕೇಳಿದರು. ನಿಯಮ ಸಡಿಲಿಸಲು ಮಂಡಳಿ ಮಾಡಿದ ಯತ್ನವನ್ನು ಅಧ್ಯಕ್ಷರು ವೀಟೊ ಮಾಡಿದರು. ಚುನಾವಣೆ 2015ರ ಏಪ್ರಿಲ್‌ಗೆ ಮುಂದೆ ಹೋಗಿ, ಡೆಶೀನ್ ಇಲ್ಲದೆಯೇ ಮುಗಿಯಿತು. ಅದೇ ಜುಲೈನಲ್ಲಿ ಪ್ರಶ್ನೆ ಜನಮತ ಗಣನೆಗೆ ಹೋಯಿತು. ಅಭ್ಯರ್ಥಿಗೆ ಭಾಷೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಇನ್ನು ಮುಂದೆ ಮತದಾರರೇ ತೀರ್ಮಾನಿಸಲಿ ಎಂದು ಬಹುಮತ ಹೇಳಿತು.